ಗಂಡಸರ ಭುಜನೋವು

ಓಮದ ನೀರಿನ ಘಾಟು ಮೂಗಿಗೆ ಬಡಿಯಿತು. ಹೆಂಡತಿ ಲೋಟವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಒಂದು ವಾರದಿಂದ ದಿನಾ ಇದೇ ಉಪಚಾರ. ಎದೆಯಲ್ಲಿ ಗ್ಯಾಸು ಎಂದು ನಾನೇ ಹೇಳಿದ್ದೇನೆ. ನಿಜ ಸಂಗತಿ ಅಂಗಿಯ ಜೇಬಿನಲ್ಲಿದೆ: ಹುಬ್ಬಳ್ಳಿಗೆ ಹೋಗಿ ಹೃದಯ ತೋರಿಸಿಕೊಳ್ಳಿ ಎಂದು ಇಲ್ಲಿಯ ಡಾಕ್ಟರು ಬರೆದುಕೊಟ್ಟ ಚೀಟಿ. ನನಗೆ ಹೆದರಿಕೆಯಾಗಿದೆ. ಅದನ್ನು ಹೇಳಲಾರದೆ ಆಫೀಸಿನಲ್ಲಿ ಜವಾನನಿಗೂ, ಮನೆಯಲ್ಲಿ ಮಿಕ್ಸರಿಗೂ ಬೈಯುತ್ತಿದ್ದೇನೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ನೀವೇ ಹೇಳಿ, ನಮ್ಮ ಕಡೆಯ ಯಾವ ಗಂಡಸು ದುಃಖವಾಗಿದೆ ಎಂದು ಹೇಳಿದ್ದನ್ನು ಕೇಳಿದ್ದೀರಿ? ಗ್ಯಾಸು, ಸೊಂಟನೋವು, ಸಾರಿಗೆ ಉಪ್ಪು ಕಮ್ಮಿ. ಇಷ್ಟರಲ್ಲೇ ನಮ್ಮ ಸಂಕಟವೆಲ್ಲ ಮುಗಿಯುತ್ತದೆ.

ಅಪ್ಪನಿಗೆ ಬಂದದ್ದು ಭುಜನೋವು. ಅಂಕೋಲೆಯ ಕಡಲದಂಡೆಯಲ್ಲಿ ನಮ್ಮದೊಂದು ದೋಣಿ. ಅಪ್ಪ, ಅವನ ಗೆಳೆಯ ಮಂಕಾಳಿ, ಬೊಮ್ಮಯ್ಯ, ಗಣಪು ನಾಲ್ವರೂ ಕೂಡಿ ಬಲೆಗೆ ಹೋಗುತ್ತಿದ್ದರು. ಮಂಕಾಳಿ ಎಂಟು ದಿನದ ಜ್ವರದಲ್ಲಿ ತೀರಿಕೊಂಡ. ಅಪ್ಪ ಹೆಣ ಹೊತ್ತ, ಕಟ್ಟಿಗೆ ಒಡೆದ, ಒಂದು ಹನಿ ಕಣ್ಣೀರು ಹಾಕಲಿಲ್ಲ. ಕಲ್ಲೆದೆಯವನು ಎಂದರು ಊರವರು. ಆಮೇಲೆ ಶುರುವಾಯಿತು ಭುಜನೋವು. ಅಮ್ಮ ಎಣ್ಣೆ ಕಾಸಿ ತಿಕ್ಕಿದಳು, ಸೊಪ್ಪು ಅರೆದು ಕಟ್ಟಿದಳು. ಅವನು ಎರಡು ದಿನ ಕಡಲಿಗೆ ಹೋದರೆ ನಾಲ್ಕು ದಿನ ಮಲಗುತ್ತಿದ್ದ. ಕಾರವಾರದಲ್ಲಿ ಕಾಲೇಜು ಓದುತ್ತಿದ್ದ ನನಗೆ ನನ್ನ ಫೀಸಿನದೇ ಚಿಂತೆ. ಮಹಾ ಜಾಣ ನಾನು. ಅಪ್ಪ ಸೋಮಾರಿಯಾದ ಎಂದು ಅಮ್ಮನಿಗೆ ಹೇಳಿಯೂಬಿಟ್ಟಿದ್ದೆ.

ನಮ್ಮಲ್ಲಿ ಮೀನು ಪಾಲು ಹಾಕುವ ರೀತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಮರಳಿನ ಮೇಲೆ ಸಮಸಮ ರಾಶಿ ಮಾಡುತ್ತಾರೆ, ದೋಣಿಗೊಂದು, ಆಳಿಗೊಂದು. ಒಬ್ಬ ರಾಶಿಗಳಿಗೆ ಬೆನ್ನು ಹಾಕಿ ಕಡಲು ನೋಡುತ್ತ ನಿಲ್ಲುತ್ತಾನೆ. ಇನ್ನೊಬ್ಬ ಒಂದು ರಾಶಿಗೆ ಬೆರಳಿಟ್ಟು ಇದು ಯಾರದ್ದು ಎಂದು ಕೇಳುತ್ತಾನೆ. ಬೆನ್ನು ಹಾಕಿದವನು ಕಾಣದೆಯೇ ಹೆಸರು ಹೇಳಬೇಕು. ಮೋಸಕ್ಕೆ ಜಾಗವಿಲ್ಲ. ನಮ್ಮ ದೋಣಿಯಲ್ಲಿ ಹೆಸರು ಹೇಳುವವನು ಯಾವಾಗಲೂ ಅಪ್ಪ.

ಒಂದು ಭಾನುವಾರ ನಾನು ಬುಟ್ಟಿ ಹೊರಲು ಹೋಗಿದ್ದೆ. ಬಂಗಡೆ ಮೀನು ಚೆನ್ನಾಗಿ ಬಿದ್ದಿತ್ತು.

"ಇದು ಯಾರದ್ದು?" ಬೊಮ್ಮಯ್ಯ ಕೇಳಿದ.

"ದೋಣಿದು."

"ಇದು?"

"ಮಂಕಾಳಿದು."

ಬೊಮ್ಮಯ್ಯ ರಾಶಿಯಿಂದ ಬೆರಳು ತೆಗೆದು ಮೆಲ್ಲಗೆ ಹೇಳಿದ, "ಅಣ್ಣಾ, ಹೆಸ್ರು ತಪ್ತು."

ಅಪ್ಪ ತಿರುಗಲಿಲ್ಲ. ಕಡಲನ್ನು ನೋಡುತ್ತಲೇ ಹೇಳಿದ, "ತಪ್ಲಿಲ್ಲ. ನಂಗೆ ಭುಜನೋವೂ ಇಲ್ಲ, ಎಂತದೂ ಇಲ್ಲ. ಅಂವ ಇಲ್ದೆ ದೋಣಿ ಹತ್ತುಕೆ ನಂಗೆ ಆಗ್ತಿಲ್ಲ." ಅಷ್ಟು ಹೇಳಿ ಮರಳಿನ ಮೇಲೆ ಕೂತು, ಎಲ್ಲರೆದುರಿಗೆ ಗಟ್ಟಿಯಾಗಿ ಅತ್ತ.

ನಾನೇನು ಮಾಡಿದೆ ಗೊತ್ತೇ? ಕಾಲೇಜಿನ ಗೆಳೆಯರು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ಕಣ್ಣು ಹಾಯಿಸಿದೆ. ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದೆ.

ಗಣಪುವಿಗೆ ನಾಚಿಕೆಯಾಗಲಿಲ್ಲ. ತಿಂಗಳಿಂದ ಸಿಕ್ಕವರ ಮೇಲೆಲ್ಲ ಕೈಮಾಡುತ್ತಿದ್ದ ಒರಟ ಅವನು. ಅಪ್ಪನ ಪಕ್ಕ ಕೂತು, "ನಂಗೂ ಆಗ್ತಿಲ್ಲ ಅಣ್ಣಾ. ಅದ್ಕೇ ದಿನಾ ಜಗಳ ಮಾಡ್ತೆ," ಎಂದ. ಮಂಕಾಳಿಯ ಹೆಸರಿಗೆ ಬಿದ್ದ ಪಾಲನ್ನು ಮೂವರೂ ಸೇರಿ ಅವನ ಮನೆಗೆ ಕೊಟ್ಟುಬಂದರು. ಮರುದಿನ ಬೆಳಿಗ್ಗೆ ದೋಣಿ ಕಡಲಿಗಿಳಿಯಿತು. ಅಪ್ಪ ಆಮೇಲೆ ಎಣ್ಣೆ ಕೇಳಲಿಲ್ಲ.

ಅಂದು ತಲೆ ತಗ್ಗಿಸಿದವನು ನಾನು. ಇವತ್ತು ಅಪ್ಪನ ಆ ಅಳುವನ್ನು ನೆನೆದರೆ ಎದೆಯುಬ್ಬುತ್ತದೆ. ಗಾಳಿಮಳೆಯಲ್ಲಿ ದೋಣಿ ದಡ ಸೇರಿಸುವ ಧೈರ್ಯ ಆ ದಂಡೆಯಲ್ಲಿ ಬಹಳ ಜನರಿಗಿತ್ತು. ಅಪ್ಪನ ಈ ಧೈರ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಡುಗೆಮನೆಗೆ ಹೋದೆ. ಹೆಂಡತಿ ತೆಂಗಿನಕಾಯಿ ತುರಿಯುತ್ತಿದ್ದಳು.

"ಗ್ಯಾಸ್ ಅಲ್ಲ ಇದು," ಎಂದು ಚೀಟಿ ಕೊಟ್ಟೆ. "ನಂಗೆ ಹೆದ್ರಿಕೆ ಆಗ್ತಿದೆ."

ಓದಿದಳು. ಕೈ ಒರೆಸಿಕೊಂಡು ನನ್ನ ಕೈ ಹಿಡಿದಳು. "ವಾರದಿಂದ ಒಬ್ರೇ ಹೆದರ್ತಾ ಕೂತಿದ್ರಾ?"

ನಾಳೆ ಹುಬ್ಬಳ್ಳಿ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಹೆದರಿಕೆ ಹೋಗಿಲ್ಲ. ಆದರೂ ನಮ್ಮ ಮನೆತನದಲ್ಲಿ ಒಳಗಿನ ಸಂಕಟವನ್ನು ಬಾಯಿಬಿಟ್ಟು ಹೇಳಿದ ಗಂಡಸರಲ್ಲಿ ನಾನು ಎರಡನೆಯವನು.