ಸಿದ್ದಮ್ಮನವರ ಒಂಟಿ ಎಸಳಿನ ಗುಲ್‌ಛಡಿ

ಕೃಷ್ಣೆಯ ಕಾಲುವೆ ನೀರು ಶಹಾಪುರದ ಹೊಲಗಳಿಗೆ ಹರಿಯತೊಡಗಿ ಕೆಲವು ವರ್ಷಗಳಾಗಿದ್ದವು. ತೊಂಬತ್ತರ ದಶಕದ ಆ ದಿನಗಳಲ್ಲಿ ನಾನು ಅಲ್ಲಿ ತೋಟಗಾರಿಕೆ ಸಹಾಯಕನಾಗಿದ್ದೆ. ತುಮಕೂರು ಕಡೆಯವನಾದ ನನಗೆ ಅಲ್ಲಿನ ಮಾತೂ ಹೊಸದು, ಕಪ್ಪು ಮಣ್ಣೂ ಹೊಸದು. ನೀರು ಬಂದ ಮೇಲೆ ದೊಡ್ಡ ರೈತರು ಭತ್ತಕ್ಕೆ ತಿರುಗಿದ್ದರು. ಅರ್ಧ ಎಕರೆ, ಒಂದು ಎಕರೆಯವರಿಗೆ ಹೂವೇ ಸರಿ ಎಂದು ನಾನು ಸುಗಂಧರಾಜವನ್ನು ಆರಿಸಿದೆ. ಅಲ್ಲಿಯವರು ಅದನ್ನು ಗುಲ್‌ಛಡಿ ಎನ್ನುತ್ತಾರೆ. ಮೂಲತಃ ಮೆಕ್ಸಿಕೋದ ಗಿಡ. ಆದರೆ ಹೊರಗಿನದೆಂದು ಯಾರಿಗೂ ಅನಿಸುವುದಿಲ್ಲ.

ಕಾಲುವೆಯಂಚಿನ ಒಂದು ಹಳ್ಳಿಯ ಹನ್ನೆರಡು ಮನೆಗಳಿಗೆ ಡಬಲ್ ತಳಿಯ ಗಡ್ಡೆ ಹಂಚಿದೆ. ಎಲ್ಲವೂ ಒಂದೇ ನರ್ಸರಿಯವು. ಎಸಳು ಒತ್ತಾಗಿ, ಕಡ್ಡಿ ಉದ್ದವಾಗಿ ಬರುತ್ತಿತ್ತು. ಯಾದಗಿರಿ ಪೇಟೆಯಲ್ಲಿ ಒಳ್ಳೆಯ ಬೆಲೆಯಿತ್ತು. ಆ ಹನ್ನೆರಡು ಮನೆಗಳಲ್ಲಿ, ಮಾಲೆ ಕಟ್ಟಿ ಬಸ್ ನಿಲ್ದಾಣದಲ್ಲಿ ಮಾರುತ್ತಿದ್ದ ಸಿದ್ದಮ್ಮನವರ ಹೊಲದಲ್ಲಿ ಮಾತ್ರ ಇನ್ನೂ ಹಳೆಯ ಒಂಟಿ ಎಸಳಿನ, ಅಂದರೆ ಒಂದೇ ಸುತ್ತು ಎಸಳಿನ ಗಿಡಗಳಿದ್ದವು. ಅವನ್ನು ಕಿತ್ತು ಡಬಲ್ ಹಾಕಲು ಹೇಳಿದೆ.

"ಡಬಲ್ ನೋಡಾಕ ಚಂದ ಐತ್ರಿ ಸಾಹೇಬ್ರ. ಖರೇ ಮಾಲಿ ಕಟ್ಟಾಕ ಇದಾ ಹಗುರ" ಎಂದರು.

ನಾನು ಪಟ್ಟು ಬಿಡಲಿಲ್ಲ. ಮುಂದಿನ ಸಲ ಹೋದಾಗ ಅವರ ಹೊಲದಲ್ಲೂ ಡಬಲ್ ಇತ್ತು. ಗೆದ್ದೆ ಎಂದುಕೊಂಡೆ.

ಎರಡು ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ಮಳೆಯೂ ಹೆಚ್ಚು, ಕಾಲುವೆಯ ಬಸಿನೀರೂ ಹೆಚ್ಚು. ಗಿಡಗಳ ಬುಡದಲ್ಲಿ ಬಿಳಿ ನೂಲಿನಂಥ ಫಂಗಸ್ ಕಾಣಿಸಿತು. ಅದರ ನಡುವೆ ಸಾಸಿವೆಯಂಥ ಕಂದು ಕಾಳುಗಳು. ಬುಡಕೊಳೆ ರೋಗ. ಬಸಿಗಾಲುವೆ ತೋಡಿಸಿದೆ, ಔಷಧ ಹುಯ್ಯಿಸಿದೆ. ತಿಂಗಳೊಳಗೆ ಹನ್ನೆರಡೂ ಹೊಲಗಳು ಮಲಗಿದವು. ಎಲ್ಲರಿಗಿಂತ ಮೊದಲು ನನ್ನ ಮಾತು ನಂಬಿ ಪೂರ್ತಿ ಎಕರೆ ಹಾಕಿದ್ದ ಮಲ್ಲಣ್ಣ ಒಂದು ಗಿಡ ಹಿಡಿದೆತ್ತಿದರು. ಅದು ಎಳೆಯದೆಯೇ ಕೈಗೆ ಬಂತು.

"ಎಲ್ಲಾರ ಹೊಲಾನೂ ಹೆಂಗ ಒಂದಾ ಸಲಕ್ಕ ಹ್ವಾದ್ವು ಸಾಹೇಬ್ರ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರ ನನಗೆ ಗೊತ್ತಿತ್ತು, ಕಾಲೇಜಿನಲ್ಲಿ ಓದಿದ್ದೆ. ಗಡ್ಡೆಯಿಂದ ಹುಟ್ಟುವ ಮರಿಗಡ್ಡೆ ತಾಯಿಯ ಪಡಿಯಚ್ಚು. ಹನ್ನೆರಡು ಹೊಲಗಳಲ್ಲಿ ಸಾವಿರಾರು ಗಿಡ ಕಂಡರೂ ವಂಶಗುಣದ ಮಟ್ಟಿಗೆ ಅಲ್ಲಿದ್ದದ್ದು ಒಂದೇ ಗಿಡ. ಅದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲುತ್ತದೆ. ಮಲ್ಲಣ್ಣನವರಿಗೆ ಅದನ್ನು ಬಿಡಿಸಿ ಹೇಳಿ, "ತಪ್ಪು ನನ್ನದು" ಎಂದೆ. ಅವರು ಕೈಯಲ್ಲಿದ್ದ ಗಿಡವನ್ನು ಬದುವಿಗೆ ಎಸೆದು ಇನ್ನೊಂದನ್ನು ಎತ್ತಿ ನೋಡಿದರು.

ಮರುದಿನ ಸಿದ್ದಮ್ಮನವರು ನನ್ನನ್ನು ಮನೆಯ ಹಿಂದಕ್ಕೆ ಕರೆದೊಯ್ದರು. ಕೊಟ್ಟಿಗೆಯ ಮರೆಯಲ್ಲಿ ಒಂಟಿ ಎಸಳಿನ ಗುಲ್‌ಛಡಿ ನಿಂತಿತ್ತು. ಅಲ್ಲೂ ಕೊಳೆ ಬಂದಿತ್ತು, ಅರ್ಧದಷ್ಟು ಗಿಡ ಸತ್ತಿದ್ದವು. ಉಳಿದವು ಹೂ ಬಿಟ್ಟಿದ್ದವು. ಕೆಲವು ಗಿಡ್ಡ, ಕೆಲವು ಎತ್ತರ, ಕೆಲವುಗಳ ಮೊಗ್ಗಿನ ತುದಿ ನಸುಗೆಂಪು.

"ನಿಮಗ ಕಾಣಬಾರದಂತ ಇಲ್ಲಿ ಹಚ್ಚಿದ್ದೆರಿ" ಎಂದರು, ತಲೆ ತಗ್ಗಿಸಿ. ತಲೆ ತಗ್ಗಿಸಬೇಕಾದವನು ನಾನು.

"ಇಷ್ಟು ನಮೂನೆ ಎಲ್ಲಿಂದ ಬಂದವು?" ಎಂದು ಕೇಳಿದೆ.

"ಹಿಂದೊಮ್ಮಿ ಕಾಯಿ ಕಟ್ಟಿದ್ವು. ಏನ ಬರ್ತೈತಿ ನೋಡೂಣಂತ ಬೀಜ ಊರಿದ್ದೆ. ಹೂ ಬಿಡಾಕ ಮೂರು ವರ್ಷ ತಗೊಂಡ್ವು."

ಡಬಲ್ ಹೂವಿನಲ್ಲಿ ಬೀಜ ಕಟ್ಟುವುದೇ ಅಪರೂಪ. ಒಂಟಿ ಎಸಳಿನದರಲ್ಲಿ ಕಟ್ಟುತ್ತದೆ, ಬೀಜದಿಂದ ಬಂದ ಒಂದೊಂದು ಗಿಡವೂ ಬೇರೆ. ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ಬರೀ ಕುತೂಹಲದಿಂದ ಬೆಳೆಸಿಟ್ಟಿದ್ದರು.

ಬದುಕುಳಿದ ಗಿಡಗಳ ಗಡ್ಡೆಗಳನ್ನು ಮಲ್ಲಣ್ಣನವರ ರೋಗದ ಮಣ್ಣಿನಲ್ಲೇ ಒಂದು ಮಡಿ ಹಾಕಿ ನೋಡಿದೆವು. ಮುಂದಿನ ಮಳೆಗಾಲದಲ್ಲಿ ಕೆಲವು ಹೋದವು, ಹೆಚ್ಚಿನವು ನಿಂತವು. ಆಮೇಲೆ ಸಿದ್ದಮ್ಮನವರೇ ಮನೆಮನೆಗೆ ಹಂಚಿದರು. ಅವರದು ಒಂದೇ ಷರತ್ತು: "ಒಬ್ಬರಿಗೆ ಒಂದಾ ನಮೂನಿ ಕೊಡಬ್ಯಾಡ್ರಿ. ಕಲಸಿ ಕೊಡ್ರಿ."

ಹನ್ನೆರಡರಲ್ಲಿ ಏಳು ಮನೆಯವರು ಮತ್ತೆ ಹೂವು ಹಾಕಿದರು. ಉಳಿದ ಐವರು ಹತ್ತಿಗೆ ಹೋದರು. ಅವರನ್ನು ಒತ್ತಾಯಿಸುವ ಮುಖ ನನಗಿರಲಿಲ್ಲ.

ಅಲ್ಲಿಂದ ಸುರಪುರಕ್ಕೆ, ಆಮೇಲೆ ಬೇರೆ ಕಡೆಗೆ ವರ್ಗವಾದೆ. ಹೊಸ ತಳಿಗಳನ್ನು ಹಂಚುವುದನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಆದರೆ ಯಾವ ಹಳ್ಳಿಗೆ ಹೋದರೂ ಮೊದಲ ದಿನ ಸಲಹೆ ಕೊಡುತ್ತಿರಲಿಲ್ಲ. ಅಲ್ಲಿಯವರು ಏನನ್ನು ಉಳಿಸಿಕೊಂಡಿದ್ದಾರೆ, ಏಕೆ ಉಳಿಸಿಕೊಂಡಿದ್ದಾರೆ ಎಂದು ಕೇಳಿ ಬರೆದುಕೊಂಡು ವಾಪಸ್ ಬರುತ್ತಿದ್ದೆ.