ವಾರಿಜಕ್ಕನ ಕೈ

ಎಪ್ಪತ್ತು ದಾಟಿದ ಹೆಂಗಸೊಬ್ಬಳು ಮೆಟ್ರೋದಲ್ಲಿ ನಿಮ್ಮ ಪಕ್ಕ ಕೂತು ಕೈಚೀಲ ಬಿಚ್ಚಿದರೆ ಒಳಗೆ ಏನಿರುತ್ತದೆ, ಹೇಳಿ ನೋಡೋಣ? ಬಿ.ಪಿ. ಮಾತ್ರೆಯೇ? ಜಪಮಣಿಯೇ? ಸೋತಿರಿ! ವಾರಿಜಕ್ಕನ ಚೀಲದಲ್ಲಿ ಗುಂಡಿನ ಸದ್ದಿಗೆ ಕಿವಿ ಮುಚ್ಚುವ ಇಯರ್‌ಮಫ್, ಹಳದಿ ಗಾಜಿನ ಕನ್ನಡಕ ಮತ್ತು ಪಿಸ್ತೂಲು ಉಜ್ಜಲು ಒಂದು ಹಳೆಯ ಹಲ್ಲಿನ ಬ್ರಷ್ಷು ಇರುತ್ತಿದ್ದವು.

ದೆಹಲಿಯ ಮಯೂರ್ ವಿಹಾರಿನ ನಮ್ಮ ಸೊಸೈಟಿಯಲ್ಲಿ ಅವಳು ನನ್ನ ಮೇಲಿನ ಮಹಡಿಯವಳು. ಪುತ್ತೂರಿನವಳು. ಸರ್ಕಾರಿ ಕಚೇರಿಯಲ್ಲಿ ಸ್ಟೆನೋ ಆಗಿ ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೆ ಎಲ್ಲರೂ ಭಜನಾ ಮಂಡಳಿಗೆ ಸೇರು ಎಂದರೆ, ಇವಳು ನೋಯ್ಡಾದ ಒಂದು ಶೂಟಿಂಗ್ ಕ್ಲಬ್ಬಿಗೆ ಸೇರಿದಳು. ಯಾಕೆ ಎಂದು ಕೇಳಿದ್ದಕ್ಕೆ, "ನನ್ನ ಸ್ವರ ಭಜನೆಗೆ ಆಗುವುದಿಲ್ಲ ಮಾರಾಯ್ತಿ. ಅಲ್ಲಾದ್ರೆ ಎಲ್ಲರೂ ಕಿವಿ ಮುಚ್ಚಿಕೊಂಡೇ ಇರ್ತಾರೆ" ಎಂದಳು. ಆಮೇಲೆ ನನ್ನನ್ನೂ ಎಳೆದುಕೊಂಡು ಹೋದಳು. ನಾನು ಅವಳ ಹಿಂದಿನ ಬೆಂಚಿನಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದೆ, ಅಷ್ಟೇ.

ಅವಳಿಗೆ ಜಗತ್ತಿನ ಎಲ್ಲದಕ್ಕೂ ಒಂದೇ ಔಷಧ, ಊರಿನಿಂದ ಬರುವ ತೆಂಗಿನೆಣ್ಣೆ. ತಲೆಗೆ, ಮಂಡಿಗೆ, ಕಿರುಗುಟ್ಟುವ ಬಾಗಿಲಿಗೆ, ಹೊಲಿಗೆ ಯಂತ್ರಕ್ಕೆ. "ಊರೆಣ್ಣೆ ಬಿಟ್ರೆ ಸಾಕು, ಕಬ್ಬಿಣವೂ ಮಾತು ಕೇಳ್ತದೆ" ಎನ್ನುತ್ತಿದ್ದಳು.

ಒಂದು ಚಳಿಗಾಲ, ಹಿರಿಯರ ಮ್ಯಾಚು ಹತ್ತಿರ ಬಂದಾಗ, ಅವಳು ಹೊಡೆಯುತ್ತಿದ್ದ ಕ್ಲಬ್ಬಿನ ಪಿಸ್ತೂಲು ಮುನಿಸಿಕೊಂಡಿತು. ಒಂದು ಗುಂಡು ಹೊಡೆದರೆ ಖಾಲಿ ತೋಟೆ ತಾನೇ ಹೊರಗೆ ಹಾರಿ, ಮುಂದಿನದು ತಾನೇ ಒಳಗೆ ಹೋಗಬೇಕು. ಆದರೆ ಖಾಲಿ ತೋಟೆ ಒಳಗೇ ಕೂತುಬಿಡುತ್ತಿತ್ತು.

ಕೋಚ್ ಮಲಿಕ್ ಒಳ್ಳೆಯ ಹುಡುಗ, ಬಾಯಿ ಮಾತ್ರ ಮುಂದು. "ಆಂಟೀಜಿ, ಮಣಿಕಟ್ಟು ಸಡಿಲವಾದ್ರೆ ಹೀಗೇ ಆಗೋದು. ಈ ಸಲ ಮ್ಯಾಚು ಬಿಡಿ. ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸ್ತೀನಿ, ಕೂತು ಚಪ್ಪಾಳೆ ತಟ್ಟಿ" ಎಂದ.

ದೆಹಲಿಯ ಇನ್ನೊಂದು ತುದಿಯ ರೋಹಿಣಿಯಲ್ಲಿದ್ದ ಅವಳ ಮಗನೂ ಫೋನಿನಲ್ಲಿ ಅದನ್ನೇ ಹಾಡಿದ್ದ: "ಬಸ್ ಅಮ್ಮಾ, ಸಾಕು, ವಯಸ್ಸಾಯ್ತು."

ವಾರಿಜಕ್ಕ ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಮ್ಯಾಗಜೀನ್ ಕಳಚಿದಳು, ಕಡ್ಡಿ ಹಾಕಿ ತೋಟೆ ಕೆಡವಿದಳು, ಪಿಸ್ತೂಲನ್ನು ಮೇಜಿನ ಮೇಲಿಟ್ಟಳು. ಆಮೇಲೆ ತಿರುಗಿದಳು. ಅವಳ ಹಿಂದಿಯೂ ಪುತ್ತೂರಿನದೇ, ಆದ್ದರಿಂದ ಕನ್ನಡದಲ್ಲೇ ಹೇಳುತ್ತೇನೆ.

"ಎಂತ ಚಪ್ಪಾಳೆ? ಕೈ ಸಡಿಲ ಆದ್ರೆ ಖಾಲಿ ತೋಟೆ ನಳಿಗೆ ಹಿಂದಿನ ಕೋಣೆಯಿಂದ ಹೊರಟು ಬಾಗಿಲಲ್ಲಿ ಸಿಕ್ಕಿ, ಮಾಡಿನ ಹೊಗೆಕೊಳವೆ ಹಾಗೆ ನೆಟ್ಟಗೆ ನಿಲ್ತದೆ. ನೀನೇ ಕಲಿಸಿದ್ದಲ್ವಾ? ಇದು ಕೋಣೆಯಿಂದ ಏಳುವುದೇ ಇಲ್ಲ. ತೋಟೆಯನ್ನು ಹೊರಗೆ ಎಳೆಯುವ ಕೊಕ್ಕೆ ಹಿಡೀತಾ ಇಲ್ಲ ಅಂತ ಅರ್ಥ. ನನ್ನ ಕೈಗೆ ಯಾಕೆ ಬೈತೀ? ನೀನೇ ಹೊಡಿ ನೋಡುವ."

ಮಲಿಕ್ ಹೊಡೆದ. ಮೊದಲನೆಯದು ಹಾರಿತು. ಅವನು ನಗುವಷ್ಟರಲ್ಲಿ ಎರಡನೆಯದು ಒಳಗೇ ಕೂತಿತು. ಬೇರೆ ಡಬ್ಬಿಯ ತೋಟೆ ಹಾಕಿ ನೋಡಿದ. ಅದೂ ಕೂತಿತು.

"ಅಯ್ಯೋ ಪಾಪ, ನಿನ್ನ ಮಣಿಕಟ್ಟಿಗೂ ವಯಸ್ಸಾಯ್ತಾ? ಕುರ್ಚಿ ಹಾಕಿಸ್ಲಾ?" ಎಂದಳು ವಾರಿಜಕ್ಕ.

ಪಿಸ್ತೂಲು ಖಾಲಿಯೆಂದು ಇಬ್ಬರೂ ನೋಡಿ ಬಿಚ್ಚಿದರು. ನಳಿಗೆ ಲಕಲಕ ಹೊಳೆಯುತ್ತಿತ್ತು. ವಾರಿಜಕ್ಕ ಸೆರಗಿನ ಪಿನ್ನು ತೆಗೆದು, ಕಡಲೆಕಾಳಿಗಿಂತ ಚಿಕ್ಕದಾದ ಆ ಕೊಕ್ಕೆಯ ಅಡಿಗೆ ಚುಚ್ಚಿದಳು. ಮಸಿ ಕಲಸಿದ ಬಿಳಿ ಗಟ್ಟಿ ಏನೋ ಹೊರಬಂತು. ನಾನು ಮೂಗಿನ ಹತ್ತಿರ ಹಿಡಿದೆ.

"ವಾರಿಜಕ್ಕ, ಇದು ನಿನ್ನ ತಲೆಯ ವಾಸನೆ!"

ತೆಂಗಿನೆಣ್ಣೆ! ಬೇಸಿಗೆಯಿಡೀ ನೀರಾಗಿ ಹರಿದದ್ದು ದೆಹಲಿಯ ಚಳಿಗೆ ಹೆಪ್ಪುಗಟ್ಟಿ, ಕೊಕ್ಕೆ ಅಲುಗಾಡದಂತೆ ಹಿಡಿದುಕೊಂಡಿತ್ತು. ಮಲಿಕ್ ತಲೆಯ ಮೇಲೆ ಕೈ ಹೊತ್ತ. "ಪಿಸ್ತೂಲಿಗೆ ನಾರಿಯಲ್ ತೇಲ್? ಆಂಟೀಜಿ!"

ಬೇರೆ ಯಾರಾದರೂ ನಾಚಿಕೊಳ್ಳುತ್ತಿದ್ದರು. ಇವಳು ಸೆರಗು ಸಿಕ್ಕಿಸಿಕೊಂಡು ಎದೆಯುಬ್ಬಿಸಿ ನಿಂತಳು. "ಹೌದು, ತಪ್ಪು ನನ್ನದೇ. ಆದ್ರೆ ಅದು ತಲೆಯದ್ದು, ಕೈಯದ್ದಲ್ಲ. ಮ್ಯಾಚಿಗೆ ಹೆಸರು ಬರಿ."

"ತಲೆ ಸಡಿಲ ಇದ್ದವರನ್ನು ತೆಗೆಯೋ ರೂಲ್ ಇಲ್ಲ ಬಿಡಿ. ಇದ್ದಿದ್ರೆ ಕ್ಲಬ್ಬೇ ಖಾಲಿ" ಎಂದು ಮಲಿಕ್ ಹೆಸರು ಬರೆದುಕೊಂಡ.

ಮ್ಯಾಚಿನ ದಿನ ಮಂಜು ಕವಿದಿತ್ತು. ಶಾಲು ನನ್ನ ಮಡಿಲಿಗೆಸೆದು, ಒಂದೇ ಕೈ ನೀಡಿ ನಿಂತಳು. ಪ್ರತಿ ಗುಂಡಿನ ಹಿಂದೆಯೂ ಖಾಲಿ ತೋಟೆ ಟಿಣ್ಣೆಂದು ನೆಲಕ್ಕೆ ಬಿತ್ತು. ಪದಕ ಬರಲಿಲ್ಲ. ಎಷ್ಟನೇ ಸ್ಥಾನ ಎಂದು ಕೇಳಿದ ಮಗನಿಗೆ, "ಎಲ್ಲ ತೋಟೆಯೂ ಹೊರಗೆ ಬಂತು" ಎಂದು ಹೇಳಿ ಫೋನಿಟ್ಟಳು.

ವಾರಿಜಕ್ಕ ಈಗಿಲ್ಲ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಕಲಿಸಿದ ಮೇಲೆ ನಾನು ಬರೆಯುತ್ತಿರುವ ಮೊದಲ ದೊಡ್ಡ ಬರಹ ಇದು. ಕೊನೆಯ ಸಲ ಅವಳನ್ನು ನೋಡಿದ್ದು ಆಸ್ಪತ್ರೆಯಲ್ಲಿ. ಉಸಿರು ಸಾಲುತ್ತಿರಲಿಲ್ಲ, ಅಧಿಕಾರಕ್ಕೇನೂ ಕಡಿಮೆಯಿರಲಿಲ್ಲ.

"ನನ್ನ ಜಾಗ ಖಾಲಿ ಇಟ್ರೆ ಮಲಿಕ್ ಅಲ್ಲಿ ಕುರ್ಚಿ ಹಾಕ್ತಾನೆ. ಕಡಲೆಕಾಯಿ ತಿಂದದ್ದು ಸಾಕು ಸರೋಜ. ನೀನು ಹೋಗು."

"ನಾನಾ? ಈ ವಯಸ್ಸಿಗಾ? ವಾರಿಜಕ್ಕ, ಲೋಟ ಹಿಡಿದ್ರೇ ನನ್ನ ಕೈ ನಡುಗುತ್ತೆ" ಎಂದೆ.

ಆಕ್ಸಿಜನ್ ಮಾಸ್ಕನ್ನು ಪಕ್ಕಕ್ಕೆ ಸರಿಸಿ ಗದರಿಸಿದಳು: "ನಡುಗಲಿ ಮಾರಾಯ್ತಿ! ಮೊದಲು ಹೋಗಿ ನಿಂತುಕೋ, ಆಮೇಲೆ ಎಷ್ಟು ಬೇಕಾದ್ರೂ ನಡುಗು."