ಸಿದ್ರಾಮ ಕಾಕಾನ ಪರಟೆ

ಹಿಟ್ಟು ಹುಳಿಯೇರಿದ ವಾಸನೆ ಮೂಗಿಗೆ ಬಡಿದರೆ ಈ ವಯಸ್ಸಿನಲ್ಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಬಾಗಿಲಿಗೆ ಹೋಗುತ್ತೇನೆ, ಬೀದಿಯ ಆ ತುದಿ ಈ ತುದಿ ನೋಡುತ್ತೇನೆ, ಮತ್ತೆ ಒಳಗೆ ಬರುತ್ತೇನೆ. ಅಜ್ಜಿಯ ಕಾಲಲ್ಲಿ ಚಕ್ರ ಇದೆ ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಆ ವಾಸನೆ ನಮ್ಮ ಆಯಿಯ ಶಿಂದಿ ಅಂಗಡಿಯದು. ದಡ್ಡಿ ಊರಿನ ಹೊಳೆದಂಡೆಯ ಮೇಲೆ, ನಮ್ಮ ಮನೆಯೂ ಆಗಿದ್ದ ಆ ಅಂಗಡಿ ಈಗಿಲ್ಲ. ಸರಕಾರದ ಪಾನಬಂದಿ ಕಾಯ್ದೆ ಬಂದು ಬಾಗಿಲು ಮುಚ್ಚಿಸಿತು, ಆಮೇಲೆ ಹೊಳೆ ಬಂದು ಗೋಡೆಯನ್ನೂ ಒಯ್ದಿತು. ಹುಟ್ಟಿದ ಮನೆಯ ಜಾಗದಲ್ಲಿ ಬರೀ ಮಣ್ಣು ಕಂಡವರಿಗೆ ನನ್ನ ಈ ಓಡಾಟವನ್ನು ಬಿಡಿಸಿ ಹೇಳಬೇಕಿಲ್ಲ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಅಪ್ಪ ನಸುಕಿನಲ್ಲಿ ಈಚಲ ಮರ ಹತ್ತಿ ಶಿಂದಿಯ ಗಡಿಗೆ ಇಳಿಸುತ್ತಿದ್ದ, ಆಯಿ ಸೋಸಿ ಹಾಕಿ ಕೊಡುತ್ತಿದ್ದಳು. ತಲೆ ಬಗ್ಗಿಸಿ ಹೋಗಬೇಕಾದ ಬಾಗಿಲು, ಗರಿಯ ಮಾಡು, ಸೆಗಣಿ ಸಾರಿಸಿದ ತಂಪು ನೆಲ, ಕೂರಲು ಉದ್ದನೆಯ ಒಂದು ಮರದ ದಿಂಡು. ಮರ್ಯಾದಸ್ಥರು ಅಂಗಡಿ ಕಂಡರೆ ಹಾದಿ ಬದಲಿಸುತ್ತಿದ್ದರು. ಅವರಲ್ಲಿ ಕೆಲವರ ಹಾದಿ ನಮ್ಮ ಹಿತ್ತಿಲಿಗೇ ಬಂದು ಮುಟ್ಟುತ್ತಿತ್ತು, ಹೆಸರು ಬೇಡ. ಗೋಡೆಯ ಗೂಟಗಳಿಗೆ ತೆಂಗಿನ ಪರಟೆಗಳು ತೂಗುತ್ತಿದ್ದವು, ದಿನದ ಗಿರಾಕಿ ಒಬ್ಬೊಬ್ಬನಿಗೆ ಒಂದೊಂದು. ಒಬ್ಬನ ಪರಟೆಯಲ್ಲಿ ಇನ್ನೊಬ್ಬ ಕುಡಿಯುತ್ತಿರಲಿಲ್ಲ. ಯಾರಾದರೂ ತೀರಿಕೊಂಡರೆ ಆಯಿ ಅವನ ಪರಟೆಯಲ್ಲಿ ಆ ದಿನದ ಮೊದಲ ಶಿಂದಿ ತುಂಬಿ, ಹೊಳೆಗೆ ಸುರಿದು, ಪರಟೆಯನ್ನು ಕಲ್ಲಿಗೆ ಒಡೆದು ಬರುತ್ತಿದ್ದಳು. ಅಲ್ಲಿಯವರೆಗೆ ಅಂಗಡಿಯಲ್ಲಿ ಯಾರೂ ತುಟಿ ಒದ್ದೆ ಮಾಡಿಕೊಳ್ಳುತ್ತಿರಲಿಲ್ಲ. ಸತ್ತವನು ತನ್ನ ಪಾಳಿಗಾಗಿ ಬಾಯಾರಿ ಕೂತಿರುತ್ತಾನೆ ಎಂಬ ನಂಬಿಕೆ.

ಅಪ್ಪನ ತಮ್ಮ ಸಿದ್ರಾಮ ಕಾಕಾ ದಂಡು ಸೇರಿ ಕಡಲಾಚೆಯ ಬಸ್ರಾಕ್ಕೆ ಯುದ್ಧಕ್ಕೆ ಹೋದಾಗ ನನಗೆ ಎಂಟೋ ಒಂಬತ್ತೋ ವರ್ಷ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದವನು ಅವನೊಬ್ಬನೇ. ಎರಡು ವರ್ಷದ ಮೇಲೆ ಮಮದಾಪುರದ ಸಿಪಾಯಿಯೊಬ್ಬ ಬಂದು, ಸಿದ್ರಾಮ ಜ್ವರದಲ್ಲಿ ಹೋದ, ಮುಖಕ್ಕೆ ಕಂಬಳಿ ಎಳೆದದ್ದನ್ನು ಕಣ್ಣಾರೆ ಕಂಡೆ ಎಂದ. ಆಯಿ ನಂಬಲಿಲ್ಲ.

"ಅವನ ಪರಟಿ ಅಲ್ಲೇ ಇರ್ಲಿ. ಹೆತ್ತಾಕಿ ನಾನು, ನನಗ ಗೊತ್ತಾಗಾಂಗಿಲ್ಲೇನು?"

ಗಿರಾಕಿಗಳು ಬರುತ್ತಿದ್ದರು, ಹೊರಗೆ ನಿಂತು ಮಳೆ ಬೆಳೆಯ ಮಾತಾಡುತ್ತಿದ್ದರು, ಕುಡಿಯದೆ ಹೋಗುತ್ತಿದ್ದರು. ಒಂದು ತಿಂಗಳು ಗಡಿಗೆಗಟ್ಟಲೆ ಶಿಂದಿ ಹುಳಿತು ತಿಪ್ಪೆಗೆ ಹೋಯಿತು. ನಾನು ಅಂಗಡಿಗೂ, ಕಾಕಾ ಬಂದರೆ ಬರಬೇಕಾದ ಯಮಕನಮರಡಿಯ ಹಾದಿಗೂ ದಿನಕ್ಕೆ ಹತ್ತು ಸಲ ಓಡಾಡಿದೆ. ಕೊನೆಗೆ ಎಲ್ಲರಿಗಿಂತ ಹಿರಿಯ ಗಿರಾಕಿ ಭೀಮಪ್ಪ ಮುತ್ಯಾ ಹೊಸ್ತಿಲಲ್ಲಿ ಕೂತು ಮೆಲ್ಲಗೆ ಹೇಳಿದ: "ತಂಗೆವ್ವಾ, ಹುಡುಗ ಬಾಯಾರಿ ಕುಂತಾನ. ಎಷ್ಟ ದಿನ ಹಂಗ ಕುಂದರಸ್ತಿ?"

ವ್ಯಾಪಾರ ಹೋದರೂ ಜಗ್ಗದ ಆಯಿ ಈ ಮಾತಿಗೆ ಸೋತಳು. ಮರುದಿನ ನನ್ನ ಕೈ ಹಿಡಿದುಕೊಂಡು ಹೊಳೆಗೆ ಹೋದಳು, ಶಿಂದಿ ಸುರಿದಳು, ಪರಟೆಯನ್ನು ಒಡೆದಳು. ಅಂಗಡಿ ಮತ್ತೆ ತುಂಬಿತು.

ಸುಗ್ಗಿ ಮುಗಿಯುವ ಹೊತ್ತಿಗೆ ಸಿದ್ರಾಮ ಕಾಕಾ ಬಂದ, ಎಲುಬಿನ ಹಂದರವಾಗಿದ್ದ; ಕಂಬಳಿ ಎಳೆದ ಮೇಲೂ ಉಸಿರು ಉಳಿದಿತ್ತಂತೆ. ಊರವರು ಹಾದಿಯಲ್ಲೇ ಅಪ್ಪಿಕೊಂಡು ಅತ್ತರು. ಒಳಗೆ ಬಂದವನು ರೂಢಿಯಂತೆ ತನ್ನ ಗೂಟಕ್ಕೆ ಕೈ ಚಾಚಿದ. ಬರಿಯ ಗೂಟ ಕೈಗೆ ಸಿಕ್ಕಿತು.

"ಒಡದಿ ಏನವ್ವಾ?"

"ಒಡದೆ, ಯಪ್ಪಾ."

ಅವನು ನಕ್ಕ. ಆಯಿ ಅಳುತ್ತಲೇ ಹೊಸ ಪರಟೆ ಉಜ್ಜಿ, ತೂತು ಕೊರೆದು, ಶಿಂದಿ ತುಂಬಿ ಕೊಟ್ಟಳು. ಅವನು ದಿಂಡಿನ ಮೇಲೆ ಕೂತ; ಪಕ್ಕದವರು ಒಂದು ಗೇಣು ಸರಿದರು, ಮರುದಿನ ಒಂದು ಮೊಳ. ಅವರು ಕೆಟ್ಟವರಲ್ಲ. ಹೊಲದಲ್ಲಿ ಅವನಿಗೆ ಬುತ್ತಿ ಬಿಚ್ಚಿ ಕೊಡುತ್ತಿದ್ದವರೇ. ಆದರೆ ಕೊನೆಯ ಶಿಂದಿ ಕುಡಿಸಿ ಕಳಿಸಿದವನ ಜೊತೆ ಕೂತು ಕುಡಿಯುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಸತ್ತವರನ್ನು ಕಳಿಸಲು ನಮ್ಮಲ್ಲಿ ಪದ್ಧತಿ ಇತ್ತು, ಬಂದವರನ್ನು ಕರೆದುಕೊಳ್ಳಲು ಇರಲಿಲ್ಲ. ಎಂಟನೆಯ ದಿನ ಇಡೀ ದಿಂಡಿನ ಮೇಲೆ ಅವನೊಬ್ಬನೇ ಇದ್ದ. ಭೀಮಪ್ಪ ಮುತ್ಯಾ ಕೂಡ ನಿಂತೇ ಕುಡಿದ.

ಮಾರನೆಯ ಬೆಳಿಗ್ಗೆ ಕಾಕಾ ಗೋಕಾಕದಲ್ಲಿ ಗಿರಣಿ ಕೆಲಸ ಹುಡುಕುತ್ತೇನೆಂದು ಗಂಟು ಹೊತ್ತು ಹೊರಟ. ಆಯಿ ತಡೆದು ನೋಡಿದಳು, ಆಗಲಿಲ್ಲ. ನಾನು ಹಿಂದೆ ಓಡಿದೆ. ಬಹಳ ದೂರ ನನ್ನನ್ನು ನೋಡದವನಂತೆ ನಡೆದು, ಆಮೇಲೆ ನಿಂತ.

"ನೀನೂ ಹೊಳಿಗೆ ಹೋಗಿದ್ದಿ, ಆಯಿ ಜೋಡಿ?"

"ಹೂಂ."

"ಅತ್ತಿದ್ದಿ?"

ಅತ್ತೆ ಎಂದರೆ, ನೀನು ಸತ್ತೆ ಎಂದು ನಾನೂ ನಂಬಿದ್ದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ನನಗೆ ತೋಚಿತು. ಊರೆಲ್ಲ ನಂಬಿತು, ನಾನೊಬ್ಬಳಾದರೂ ನಂಬಲಿಲ್ಲ ಎಂದು ಅವನಿಗೆ ಗೊತ್ತಾಗಲಿ ಅನಿಸಿತು.

"ಇಲ್ಲ ಕಾಕಾ" ಎಂದೆ.

ಅವನು ತಲೆಯಾಡಿಸಿ, ನನ್ನ ನೆತ್ತಿ ಮುಟ್ಟಿ, ಹೊರಟುಹೋದ. ಆಮೇಲೆ ಅವನು ಬರಲೇ ಇಲ್ಲ. ಅವನ ಪರಟೆ ಒಡೆದಾಗ ನಾನು ಮೂರು ದಿನ ಊಟ ಬಿಟ್ಟು ಅತ್ತಿದ್ದೆ.